ಎರಡನೇ ಮೈಕನ್ನು ರೀಲಿಂಗ್ ಮಷೀನ್ ಹತ್ತಿರ ಇಡಿ

ಅಕ್ಕಾ, ಶಿಡ್ಲಘಟ್ಟದ ಮನೆಯಲ್ಲಿ ಅಜ್ಜಿಯ ಸೋಬಾನೆ ಪದ ರೆಕಾರ್ಡ್ ಮಾಡಿದ್ದೀರಿ. ಪಕ್ಕದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಯೂನಿಟ್ ಸದ್ದು ಸೇರಿಕೊಂಡಿದೆ, ಅಡಾಪ್ಟಿವ್ ಫಿಲ್ಟರ್ (ತನ್ನನ್ನು ತಾನೇ ತಿದ್ದಿಕೊಳ್ಳುತ್ತಾ ಸದ್ದು ಕಳೆಯುವ ಲೆಕ್ಕ) ಹಾಕಿದರೆ ಹೋಗುತ್ತದಾ ಅಂತ ಕೇಳಿದ್ದೀರಿ. ನೀವು ಹಾಕಿದ ತುಣುಕನ್ನು ಹೆಡ್‌ಫೋನ್‌ನಲ್ಲಿ ಮೂರು ಸಲ ಕೇಳಿದೆ. ಅಜ್ಜಿ ಉಸಿರು ತಗೊಳ್ಳುವ ಜಾಗದಲ್ಲೆಲ್ಲ ಮಷೀನೇ ಕೇಳಿಸುತ್ತದೆ.

ಸದ್ದನ್ನು ತುಂಬಾ ಕಡಿಮೆ ಮಾಡಬಹುದು. ಆದರೆ ಅದಕ್ಕೆ ಎರಡನೇ ಮೈಕ್ ಬೇಕು. ಒಂದು ಅಜ್ಜಿ ಮುಂದೆ, ಇನ್ನೊಂದು ಮಷೀನ್ ಹತ್ತಿರ. ಮಷೀನ್ ಸದ್ದು ಗೋಡೆ, ಕಿಟಕಿ ದಾಟಿ ಅಜ್ಜಿ ಮೈಕಿಗೆ ಬರುವಷ್ಟರಲ್ಲಿ ಹೇಗೆ ಬದಲಾಗಿದೆ ಅನ್ನೋದನ್ನು ಫಿಲ್ಟರ್ ಕಲಿತು, ಅಷ್ಟನ್ನು ಕಳೆಯುತ್ತದೆ. ಇನ್ನೂ ಸದ್ದು ಉಳಿದಿದ್ದರೆ ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ. ರೆಕಾರ್ಡಿಂಗ್‌ನಲ್ಲಿ ಸೆಕೆಂಡಿಗೆ 16,000 ಸ್ಯಾಂಪಲ್ (ಸದ್ದಿನ ಅಳತೆಗಳು) ಇದ್ದರೆ ಅಷ್ಟೂ ಸಲ ತಿದ್ದುತ್ತದೆ. ವಿಡ್ರೋ ಮತ್ತು ಹಾಫ್ ಅನ್ನೋ ಎಂಜಿನಿಯರುಗಳು 1960ರಲ್ಲಿ ಕೊಟ್ಟ ಎಲ್‌ಎಂಎಸ್ ವಿಧಾನ ಇದೇ. 1975ರಲ್ಲಿ ವಿಡ್ರೋ ತಂಡ ಇದರಿಂದಲೇ ತಾಯಿಯ ಎದೆಬಡಿತ ಕಳೆದು, ಹೊಟ್ಟೆಯೊಳಗಿನ ಮಗುವಿನ ಇಸಿಜಿಯನ್ನು ಬೇರೆ ಮಾಡಿ ತೋರಿಸಿತು. ಅಲ್ಲೂ ತಾಯಿಯ ಎದೆ ಮೇಲೆ ಬೇರೆ ಎಲೆಕ್ಟ್ರೋಡ್ ಇಟ್ಟಿದ್ದರು.

ಮಷೀನ್ ಕಡೆಯ ಮೈಕಿಗೆ ಅಜ್ಜಿ ದನಿ ಬೀಳಬಾರದು. ಚಿಂತಾಮಣಿಯಲ್ಲಿ ನಮ್ಮ ದೊಡ್ಡಮ್ಮ ಹಾಡಿದಾಗ ನಾನು ಎರಡೂ ಮೈಕನ್ನು ಒಂದೇ ಚಾಪೆ ಮೇಲೆ ಇಟ್ಟಿದ್ದೆ. ಎದುರುಗಡೆ ಹಿಟ್ಟಿನ ಗಿರಣಿ ಓಡುತ್ತಿತ್ತು. ಫಿಲ್ಟರ್ ಗಿರಣಿ ಜೊತೆ ಹಾಡನ್ನೂ ಕಳೆಯಿತು, ದನಿ ಡಬ್ಬದೊಳಗಿಂದ ಬಂದ ಹಾಗಾಯಿತು. ದೊಡ್ಡಮ್ಮ ಈಗಿಲ್ಲ. ಆ ಪದ ಇವತ್ತಿಗೂ ಗಿರಣಿ ಸದ್ದಿನ ಜೊತೆಗೇ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡು ಫೋನಿನಲ್ಲಿ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಬೇಡಿ. ಎರಡರ ಗಡಿಯಾರ ಒಂದೇ ಆಗಿರೋದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದರೂ 10 ನಿಮಿಷಕ್ಕೆ 12 ಮಿಲಿಸೆಕೆಂಡ್ ಜಾರುತ್ತದೆ, ಫಿಲ್ಟರ್ ಅದರ ಹಿಂದೆ ಓಡುತ್ತಲೇ ಇರಬೇಕಾಗುತ್ತದೆ. ಎರಡು ಮೈಕ್ ಸಿಕ್ಕಿಸಬಹುದಾದ ಒಂದೇ ರೆಕಾರ್ಡರ್ ತಗೊಳ್ಳಿ. ಉದ್ದ ವೈರ್ ಎಳೆದು ಒಂದನ್ನು ಯೂನಿಟ್ ಕಿಟಕಿಗೆ ಕಟ್ಟಿ. ಆಟೋ ಗೇನ್ (ಸದ್ದಿನ ಮಟ್ಟವನ್ನು ರೆಕಾರ್ಡರ್ ತಾನೇ ಏರಿಸಿ ಇಳಿಸೋದು) ಆಫ್ ಇರಲಿ, ಫೈಲ್ ವೇವ್ (WAV) ರೂಪದಲ್ಲೇ ಇರಲಿ.

ಹಾಡು ಶುರುವಾಗುವ ಮುಂಚೆ ಅರ್ಧ ನಿಮಿಷ ಸುಮ್ನೆ ಮಷೀನ್ ಸದ್ದು ಮಾತ್ರ ರೆಕಾರ್ಡ್ ಆಗಲಿ. ಫಿಲ್ಟರ್ ಕಲಿಯೋದು ಅಲ್ಲೇ. ಎಲ್‌ಎಂಎಸ್‌ನದೇ ಒಂದು ರೂಪ ಎನ್‌ಎಲ್‌ಎಂಎಸ್, ಅದನ್ನು ಬಳಸಿ. ಆ ಅರ್ಧ ನಿಮಿಷಕ್ಕೆ ಸ್ಟೆಪ್ (ಒಂದೊಂದು ಸಲಕ್ಕೆ ಎಷ್ಟು ತಿದ್ದಬೇಕು ಅನ್ನೋದು) 0.5 ಇರಲಿ, ಅಜ್ಜಿ ಬಾಯಿ ತೆರೆದ ಮೇಲೆ 0.01ಕ್ಕೆ ಇಳಿಸಿ. ಇಳಿಸದಿದ್ದರೆ ದನಿ ನೀರಿನೊಳಗೆ ಹಾಡಿದ ಹಾಗೆ ಅಲುಗಾಡುತ್ತದೆ. ಫಿಲ್ಟರಿನ ಉದ್ದ, ಅಂದರೆ ಅದು ಹಿಂದಿನ ಎಷ್ಟು ಸ್ಯಾಂಪಲ್ ನೋಡಬೇಕು ಅನ್ನೋದು ಎಷ್ಟು ಅಂದರೆ, ಎರಡು ಮೈಕಿನ ನಡುವೆ 12 ಅಡಿ ಇದ್ದರೆ ಅಷ್ಟು ದೂರಕ್ಕೆ ಸದ್ದು ಸುಮಾರು 11 ಮಿಲಿಸೆಕೆಂಡ್ ತಗೊಳ್ಳುತ್ತದೆ, ಅಂದರೆ ಸೆಕೆಂಡಿಗೆ 16,000ದ ಲೆಕ್ಕದಲ್ಲಿ 170 ಸ್ಯಾಂಪಲ್. ಗೋಡೆಗಳಿಂದ ಪ್ರತಿಧ್ವನಿಯೂ ಬರುತ್ತದಲ್ವಾ, 512ರಿಂದ ಶುರು ಮಾಡಿ.

ಈಗಾಗಲೇ ಇರುವ ರೆಕಾರ್ಡಿಂಗ್‌ನಲ್ಲಿ ಒಂದೇ ಮೈಕ್ ಇರುವುದರಿಂದ ಇಷ್ಟೆಲ್ಲ ಆಗೋದಿಲ್ಲ. ಕರೆಂಟಿನ ಗುಂಯ್ ಅನ್ನೋ ಸದ್ದನ್ನು ಮಾತ್ರ ತೆಗೆಯಬಹುದು. 50, 100, 150 ಹರ್ಟ್ಸ್‌ನ ಸೈನ್, ಕೊಸೈನ್ ಅಲೆಗಳನ್ನು ಕಂಪ್ಯೂಟರಿನಲ್ಲೇ ಹುಟ್ಟಿಸಿ ಎರಡನೇ ಮೈಕಿನ ಜಾಗಕ್ಕೆ ಕೊಡಿ. ಉಳಿದದ್ದಕ್ಕೆ ಆಡಾಸಿಟಿ ಅನ್ನೋ ಆಡಿಯೊ ತಂತ್ರಾಂಶದ ನಾಯ್ಸ್ ರಿಡಕ್ಷನ್ 6 ಡೆಸಿಬಲ್ ಸಾಕು, ಜಾಸ್ತಿ ಎಳೆದರೆ ದನಿ ಕೆಡುತ್ತದೆ. ಮೂಲ ಫೈಲ್ ಮಾತ್ರ ಅಳಿಸಬೇಡಿ.

ಊಟದ ಹೊತ್ತಿಗೆ ಯೂನಿಟ್ ನಿಲ್ಲಿಸುತ್ತಾರಾ ಅಂತಲೂ ಕೇಳಿ ನೋಡಿ. ಅರ್ಧ ಗಂಟೆ ಸಿಕ್ಕರೆ ಮೊದಲು ಅಷ್ಟರಲ್ಲೇ ಎರಡು ಪದ ಹಾಡಿಸಿ. ಇಲ್ಲವಾದರೆ ಎರಡು ಚಾನೆಲ್ ಫೈಲ್ ಇಲ್ಲೇ ಹಾಕಿ, ನಾನು ಆಕ್ಟೇವ್ ಅನ್ನೋ ಲೆಕ್ಕದ ತಂತ್ರಾಂಶದಲ್ಲಿ ಫಿಲ್ಟರ್ ಓಡಿಸಿ ಕೊಡುತ್ತೇನೆ.