ಲೇಬರ್ ರೂಮಿನಲ್ಲಿ ಅಷ್ಟೊಂದು ಜನ ಬೇಡ ಅನ್ನಬಹುದಾ?

ಪ್ರಶ್ನೆ: ಮೊದಲ ಹೆರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಾಯಿತು. ನೋವು ತಿನ್ನುವಾಗ ಏಳೆಂಟು ವಿದ್ಯಾರ್ಥಿಗಳು ಸುತ್ತ ನಿಂತಿದ್ದರು. ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಒಳಪರೀಕ್ಷೆ ಮಾಡಿದರು, ಯಾರೂ ಒಂದು ಮಾತು ಕೇಳಲಿಲ್ಲ. ಈಗ ಮತ್ತೆ ಏಳು ತಿಂಗಳು. ಮಕ್ಕಳ ಐಸಿಯು ಇದೆ, ಅಲ್ಲಿಗೇ ಹೋಗೋಣ ಅನ್ನುತ್ತಾರೆ ನಮ್ಮ ಯಜಮಾನರು. ನನಗೆ ಭಯ. ಬೇಡ ಅಂದರೆ ಡಾಕ್ಟರುಗಳು ಕಲಿಯುವುದು ಹೇಗೆ ಅಂತಲೂ ಅನಿಸುತ್ತದೆ.

ತಂಗಿ, ನಿಮ್ಮ ಪತ್ರ ಓದಿ ನನ್ನ ಮೊದಲ ಹೆರಿಗೆ ಕಣ್ಣ ಮುಂದೆ ಬಂತು. ನನ್ನ ಸುತ್ತಲೂ ಹೀಗೇ ನಿಂತಿದ್ದರು. ಒಬ್ಬ ಹುಡುಗಿ ಮಾತ್ರ ತಲೆ ಹತ್ತಿರ ಬಂದು, ತನ್ನ ಹೆಸರು ಹೇಳಿ, 'ಅಕ್ಕ, ನಾನಿಲ್ಲಿ ಇರಬಹುದಾ' ಅಂತ ಕೇಳಿದಳು, ಆಮೇಲೆ ಮಗು ಹುಟ್ಟುವವರೆಗೂ ನನ್ನ ಸೊಂಟ ನೀವುತ್ತಲೇ ಇದ್ದಳು. ಅವಳನ್ನು ನಾನು ಇವತ್ತಿಗೂ ಮರೆತಿಲ್ಲ.

ಅವರು ಕಲಿಯಲೇಬೇಕು, ನಿಜ. ಇವತ್ತಿನ ಹೌಸ್ ಸರ್ಜನ್ ನಾಳೆ ಯಾವುದೋ ತಾಲ್ಲೂಕಿನಲ್ಲಿ ನಡುರಾತ್ರಿ ಒಬ್ಬಳೇ ಹೆರಿಗೆ ಮಾಡಿಸಬೇಕಾಗುತ್ತದೆ. ಆದರೆ ಕೇಳಿ ಮುಟ್ಟುವುದೂ ಅದೇ ಕಲಿಕೆಯಲ್ಲಿ ಬರುತ್ತದೆ ಅಲ್ವಾ? ಹೆರಿಗೆ ಉಚಿತ ಅಂದಮಾತ್ರಕ್ಕೆ ನಿಮ್ಮ ಮೈ ಎಲ್ಲರಿಗೂ ಪಾಠದ ಪುಸ್ತಕವಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ 'ಲಕ್ಷ್ಯ' ಕಾರ್ಯಕ್ರಮವೇ ಹೆರಿಗೆ ಕೋಣೆಯಲ್ಲಿ ಮರೆ ಇರಬೇಕು, ಗೌರವ ಇರಬೇಕು, ಜೊತೆಗೆ ನಿಮ್ಮವರೊಬ್ಬರು ಇರಬೇಕು ಅನ್ನುತ್ತದೆ. ಇನ್ನು ಒಳಪರೀಕ್ಷೆ. ನೋವು ಜೋರಾದ ಮೇಲೂ ಎಲ್ಲ ಸರಿಯಿದ್ದರೆ ನಾಲ್ಕು ಗಂಟೆಗೊಮ್ಮೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಸುಮ್ನೆ ಒಬ್ಬರಾದ ಮೇಲೆ ಒಬ್ಬರು ಒಳಪರೀಕ್ಷೆ ಮಾಡಿದರೆ ಸೋಂಕಿನ ಭಯವೂ ಜಾಸ್ತಿ.

ಹಾಗಾಗಿ ವಿದ್ಯಾರ್ಥಿಗಳೇ ಬೇಡ ಅನ್ನಬೇಕಿಲ್ಲ. ಒಬ್ಬರು ಇರಲಿ, ಮೊದಲಿಂದ ಕೊನೆವರೆಗೂ ಅವರೇ ಇರಲಿ, ಮುಟ್ಟುವ ಮುಂಚೆ ಕೇಳಲಿ ಅನ್ನಿ. ಇದನ್ನು ನೋವು ಬಂದ ಮೇಲೆ ಹೇಳಲು ಆಗುವುದಿಲ್ಲ, ಆಗ ಬಾಯಲ್ಲಿ ಮಾತೇ ಹೊರಡುವುದಿಲ್ಲ. ಎಂಟನೇ ತಿಂಗಳ ಚೆಕಪ್‌ನಲ್ಲೇ ದೊಡ್ಡ ಡಾಕ್ಟರಿಗೆ ಹೇಳಿ, ಕೇಸ್ ಶೀಟಿನಲ್ಲಿ ಬರೆಯಿರಿ ಅಂತ ಕೇಳಿ. ಹೆರಿಗೆ ದಿನ ಜೊತೆಗೆ ಅಮ್ಮನೋ ಅಕ್ಕನೋ ಇದ್ದರೆ ನಿಮ್ಮ ಪರವಾಗಿ ಅವರು ಮಾತಾಡುತ್ತಾರೆ. ರಕ್ತಸ್ರಾವವೋ ಇನ್ನೇನೋ ಆಗಿ ನಾಲ್ಕಾರು ಜನ ಓಡಿಬಂದರೆ ಮಾತ್ರ ಹೆದರಬೇಡಿ, ಅವರು ಬರುವುದು ನಿಮ್ಮನ್ನು ಉಳಿಸಿಕೊಳ್ಳಲು.

ಡಾಕ್ಟರ್ ಕಿವಿಗೇ ಹಾಕಿಕೊಳ್ಳದಿದ್ದರೆ ಬೇರೆ ಆಸ್ಪತ್ರೆ ನೋಡಿ, ಆದರೆ ಮಗುವಿಗೆ ತೊಂದರೆ ಇರಬಹುದು ಅಂತ ಸ್ಕ್ಯಾನಿಂಗಿನಲ್ಲಿ ಬಂದಿದ್ದರೆ ಐಸಿಯು ಇರುವ ಆಸ್ಪತ್ರೆಯನ್ನು ಬಿಡಬೇಡಿ. ಮತ್ತೆ, ಅವತ್ತು ಒಳಗೆ ಏನಾಯಿತು ಅಂತ ಯಜಮಾನರಿಗೆ ಪೂರ್ತಿ ಹೇಳಿದ್ದೀರಾ? ಅವರು ಬಾಗಿಲ ಹೊರಗಿದ್ದರು. ಇವತ್ತು ರಾತ್ರಿಯೇ ಹೇಳಿ.