ಎಂಜಿಬಿಗೆ ಸ್ಪೋಕ್ ಚಕ್ರ: ಅಡಾಪ್ಟರ್ ಸಾಕೇ, ಆಕ್ಸಲ್ ಬದಲಿಸಬೇಕೇ?

ಪ್ರಶ್ನೆ: ನಾನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನೆಲೆಸಿದ್ದು, 1972ರ ಎಂಜಿಬಿ ಜಿಟಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದೇನೆ. ಅದರ ರೋಸ್ಟೈಲ್ ಎಂಬ ಮಾದರಿಯ ಉಕ್ಕಿನ ಚಕ್ರಗಳನ್ನು ತೆಗೆದು ಸ್ಪೋಕ್ ಚಕ್ರ ಹಾಕಿಸುವ ಆಸೆ. ಈಗ ಪ್ರತಿ ಚಕ್ರವನ್ನು ಬಿಗಿಹಿಡಿದಿರುವ ನಾಲ್ಕು ತಿರುಪುಮೊಳೆಗಳ, ಅಂದರೆ ಸ್ಟಡ್‌ಗಳ ಮೇಲೆಯೇ ಕೂರುವ ಅಡಾಪ್ಟರ್ ಸಾಕೇ? ಬಳಸಿದ ಚಕ್ರಗಳನ್ನು ಕೊಳ್ಳಬಹುದೇ?

ಉತ್ತರ: ಮುಂಭಾಗದಲ್ಲಿ ಅಡಾಪ್ಟರಿನ ಅಗತ್ಯವೇ ಇಲ್ಲ, ಹಬ್ (ಚಕ್ರ ಕೂರುವ ನಡುಭಾಗ) ಬಿಚ್ಚಿ, ಬ್ರೇಕ್ ಡಿಸ್ಕನ್ನು ಸ್ಪ್ಲೈನ್ (ಸ್ಪೋಕ್ ಚಕ್ರದ ಒಳಗಿನ ಹಲ್ಲುಗಳಿಗೆ ಹೊಂದುವ ಹಲ್ಲುಗಳು) ಇರುವ ಹಬ್ಬಿಗೆ ವರ್ಗಾಯಿಸಿ ಅದನ್ನೇ ಕೂರಿಸಬಹುದು. ತೊಡಕಿರುವುದು ಹಿಂಭಾಗದಲ್ಲಿ. ಸ್ಪೋಕ್ ಚಕ್ರದ ಎಂಜಿಬಿಗಳಿಗೆಂದು ಎಂಜಿಯ ಅಬಿಂಗ್ಡನ್ ಕಾರ್ಖಾನೆಯಲ್ಲಿ ಹಾಕುತ್ತಿದ್ದ ಹಿಂಚಕ್ರಗಳ ಆಕ್ಸಲ್ ನಿಮ್ಮ ಕಾರಿನ ಆಕ್ಸಲಿಗಿಂತ ಕಿರಿದಾಗಿತ್ತು. ಹೀಗಾಗಿ ಅಗಲವಾದ ಆಕ್ಸಲಿನ ಮೇಲೆ ಅಡಾಪ್ಟರನ್ನೂ ಸೇರಿಸಿದಾಗ ಚಕ್ರ ಹೊರಗೆ ಸರಿದು, ಕಾರು ಭಾರ ಹೊತ್ತು ತಿರುವಿನಲ್ಲಿ ವಾಲಿದಾಗ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ. ಕಡಿಮೆ ಎತ್ತರದ ಅಡಾಪ್ಟರ್ ಮತ್ತು ಅಗಲವಲ್ಲದ ಟೈರು ಆರಿಸಿಕೊಂಡರೆ ಬಹುಮಟ್ಟಿಗೆ ಕೆಲಸ ನಡೆಯುತ್ತದೆ. ಆದರೂ ಕಾರನ್ನು ಬಹುಕಾಲ ಇಟ್ಟುಕೊಳ್ಳುವವರು ಸರಿಯಾದ ಆಕ್ಸಲನ್ನೇ ಹುಡುಕುವುದು ಮೇಲೆಂಬುದು ನನ್ನ ಅಭಿಪ್ರಾಯ.

ಅಡಾಪ್ಟರ್ ಹಾಕುವುದಾದರೆ ಸ್ಟಡ್‌ಗಳ ಉದ್ದವನ್ನು ಮರೆಯದೆ ನೋಡಿ. ಈ ಚಕ್ರವನ್ನು ನೆಟ್ಟಗೆ ಹಿಡಿದಿಡುವುದು ಸ್ಪ್ಲೈನ್ ಅಲ್ಲ. ಹಬ್ಬಿನ ಬುಡದಲ್ಲೊಂದು, ಚಕ್ರವನ್ನು ಬಿಗಿಯುವ ನಡುವಿನ ದೊಡ್ಡ ನಟ್ಟಿನ ಒಳಮುಖದಲ್ಲೊಂದು ಇರುವ ಇಳಿಜಾರಿನ ಅಂಚುಗಳು. ಸ್ಪ್ಲೈನಿನ ಕೆಲಸ ಎಂಜಿನ್ನಿನ ಎಳೆತವನ್ನೂ ಬ್ರೇಕಿನ ತಡೆಯನ್ನೂ ಚಕ್ರಕ್ಕೆ ದಾಟಿಸುವುದಷ್ಟೆ. ಸ್ಟಡ್ಡಿನ ತುದಿ ತನ್ನ ನಟ್ಟನ್ನು ಮೀರಿ ಚಾಚಿಕೊಂಡು ಚಕ್ರಕ್ಕೆ ತಗುಲಿದರೆ, ನಡುವಿನ ನಟ್ಟನ್ನು ಎಷ್ಟು ಹೊಡೆದು ಬಿಗಿದರೂ ಚಕ್ರ ಒಳಗಿನ ಅಂಚಿನ ಮೇಲೆ ಕೂರುವುದೇ ಇಲ್ಲ. ಅಂಥ ಸ್ಟಡ್ಡನ್ನು ಕತ್ತರಿಸಿ ಮಟ್ಟ ಮಾಡಲೇಬೇಕು.

ಕಾರಿನ ಎಡಬದಿಯ ಹಬ್ಬಿಗೆ ಬಲ ಥ್ರೆಡ್ (ಬಲಕ್ಕೆ ತಿರುಗಿಸಿದರೆ ನಟ್ ಬಿಗಿಯಾಗುವಂಥದು), ಬಲಬದಿಯದಕ್ಕೆ ಎಡ ಥ್ರೆಡ್ ಇರಬೇಕು. ಅದಲುಬದಲಾದರೆ ಕಾರು ಓಡಿದಷ್ಟೂ ನಟ್ ಸಡಿಲವಾಗುತ್ತಾ ಹೋಗುತ್ತದೆ. ಕೂರಿಸುವ ಮುನ್ನ ಸ್ಪ್ಲೈನ್, ಥ್ರೆಡ್ ಹಾಗೂ ಇಳಿಜಾರಿನ ಅಂಚುಗಳಿಗೆ ತೆಳುವಾಗಿ ಗ್ರೀಸ್ ಸವರಿ, ನಡುವಿನ ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಗಿಯಿರಿ. ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಿರಿ.

ಬಳಸಿದ ಚಕ್ರಗಳ ವಿಷಯದಲ್ಲಿ ನಾನು ಬಿಗಿ. ಬಣ್ಣ, ಹೊಳಪು ನೋಡಿ ಮರುಳಾಗದೆ ನಡುವಿನ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಸ್ಪ್ಲೈನಿನ ಹಲ್ಲುಗಳ ತಲೆ ಚಪ್ಪಟೆಯಾಗಿದ್ದರೆ ಸರಿ, ಗರಗಸದಂತೆ ಚೂಪಾಗಿದ್ದರೆ ಅದು ಸವೆದ ಚಕ್ರ. ಅದು ನಿಮ್ಮ ಹೊಸ ಹಬ್ಬನ್ನೂ ತಿಂದುಹಾಕುತ್ತದೆ. ಕಾರಿಗೆ ಹಾಕಿದ ಮೇಲೂ ಇದನ್ನು ಪತ್ತೆಹಚ್ಚಬಹುದು: ಚಕ್ರವನ್ನು ಜಾಕ್ ಮೇಲೆತ್ತಿ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಅದನ್ನು ಹಿಂದೆ ಮುಂದೆ ತಿರುಗಿಸಲು ನೋಡಿ. ಹಬ್ಬಿನ ಮೇಲೆ ಚಕ್ರ ಕದಲಿ ಟಕ್ ಎಂದರೆ ಸ್ಪ್ಲೈನ್ ಸವೆದಿದೆ.

ಹಳೆಯ ಮಾದರಿಯ ರಿಮ್ಮಿನಲ್ಲಿ ಸ್ಪೋಕಿನ ತುದಿಯನ್ನು ಬಿಗಿಯುವ ನಿಪ್ಪಲ್‌ಗಳು ರಿಮ್ಮನ್ನು ತೂರಿ ಬಂದಿರುವುದರಿಂದ ಟ್ಯೂಬ್ ಮತ್ತು ಅದರಡಿಗೆ ರಿಮ್ ಟೇಪ್ ಎರಡನ್ನೂ ಹಾಕಿಸಿ.