ಹಾಯಿ ಯುದ್ಧನೌಕೆಯ ಹಳೆಯ ಮುದ್ರಣ

ಪ್ರಶ್ನೆ: ಅಟ್ಟದಲ್ಲಿ ಹಾಯಿ ಯುದ್ಧನೌಕೆಯ ಹಳೆಯ ಮುದ್ರಣವೊಂದು ಸಿಕ್ಕಿದೆ. 17ನೇ ಶತಮಾನದ್ದಂತೆ, ಅಸಲಿಯೇ? ಕಂದು ಚುಕ್ಕೆ ತೆಗೆಯಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೌಕೆಯ ಹಗ್ಗಗಳನ್ನು ನೋಡಿ. ಸಾಲು ಸಾಲು ಚುಕ್ಕೆ ಕಂಡರೆ ಇತ್ತೀಚಿನ ಅಚ್ಚು, ಅಲ್ಲಿಗೆ ಮುಗಿಯಿತು. ಗೆರೆ ಅಖಂಡವಾಗಿದ್ದು, ಚಿತ್ರದ ಸುತ್ತ, ಅದನ್ನು ಕೊರೆದ ತಾಮ್ರದ ತಗಡು ಒತ್ತಿದ ತಗ್ಗಿದ್ದರೆ ಒಳ್ಳೆಯ ಲಕ್ಷಣ. ಆದರೆ ಅದೊಂದನ್ನೇ ನಂಬಬೇಡಿ: ಅಂಚು ಕತ್ತರಿಸಿದ ಪ್ರತಿಯಲ್ಲಿ ತಗ್ಗು ಇರದು, ಹಳೆಯ ತಗಡಿನಿಂದ ಬಹುಕಾಲದ ನಂತರ ತೆಗೆದ ಅಚ್ಚಿನಲ್ಲೂ ಇರುತ್ತದೆ. ಕಾಗದವನ್ನು ಬೆಳಕಿಗೆ ಹಿಡಿಯಿರಿ. ಕಾಗದದೊಳಗೇ ಸುಮಾರು 25 ಮಿ.ಮೀ. ಅಂತರದ ಗೆರೆಗಳು ಕಾಣಬೇಕು. ಗೆರೆಯಿಲ್ಲದ ಕಾಗದ ಯೂರೋಪಿನಲ್ಲಿ ಬಂದದ್ದೇ 1750ರ ದಶಕದಲ್ಲಿ.

ಕಂದು ಚುಕ್ಕೆಗೆ ಬ್ಲೀಚ್ ಹಾಕಬೇಡಿ, ಕಾಗದದ ನಾರು ಸಡಿಲವಾಗುತ್ತದೆ. ನಮ್ಮ ಮಳೆಗಾಲದಲ್ಲಿ ಹೊರಗೋಡೆಗೆ ತೂಗಿದರೆ ಬೂಷ್ಟು ಹಿಡಿಯುತ್ತದೆ, ಒಳಗೋಡೆಯೇ ಸರಿ. ಆಮ್ಲರಹಿತ ಮೌಂಟ್ (ಚೌಕಟ್ಟಿನೊಳಗೆ ಚಿತ್ರದ ಸುತ್ತ ಕೂರಿಸುವ ರಟ್ಟು) ಹಾಕಿಸಿ, ಗಾಜು ಕಾಗದಕ್ಕೆ ತಾಗದಿರಲಿ. ಲ್ಯಾಮಿನೇಷನ್ ಮಾತೇ ಬೇಡ.